ಸರಿಯಿದ್ದದ್ದಕ್ಕೆ ಸ್ಟಿಕರ್ ಇಲ್ಲ

ಮೊಸರಲ್ಲಿ ಕಲ್ಲು ಹುಡುಕುವವರನ್ನು ಲೋಕ ಬಯ್ಯುತ್ತದೆ. ಚೆಕಿಂಗ್ ಅಕ್ಕನಿಗೆ ಮಾತ್ರ ಅದಕ್ಕೇ ಸಂಬಳ. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಅವಳದು ನಿಂತೇ ಮಾಡುವ ಕೆಲಸ. ಕಾಲರು, ತೋಳು, ಗುಂಡಿ, ಅಂಚು ತಿರುಗಿಸಿ ತಿರುಗಿಸಿ ನೋಡಬೇಕು. ದಾರ ಎದ್ದಿದ್ದರೆ, ಹೊಲಿಗೆ ಸೊಟ್ಟಗಿದ್ದರೆ ಅಲ್ಲಿಗೊಂದು ಪುಟ್ಟ ಕೆಂಪು ಬಾಣದ ಸ್ಟಿಕರ್ ಅಂಟಿಸಿ ವಾಪಸ್ ಕಳಿಸಬೇಕು. ಸರಿಯಿದ್ದ ಅಂಗಿಗೆ ಏನೂ ಅಂಟಿಸುವಂತಿಲ್ಲ, ಏನೂ ಹೇಳುವಂತಿಲ್ಲ. ಅದು ತನ್ನ ಪಾಡಿಗೆ ಮುಂದೆ ಹೋಗುತ್ತದೆ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಅಂಟಿದ್ದು, ಆದರೂ ಹೋಗಲಿಲ್ಲ. ಮಗಳು ಚಿತ್ರ ಬರೆದು ತಂದರೆ ಅಕ್ಕನ ಕಣ್ಣು ಮೊದಲು ಹೋಗುವುದು ಬಣ್ಣ ಗೆರೆ ದಾಟಿದ ಕಡೆಗೆ. ಹನ್ನೆರಡರ ಆ ಹುಡುಗಿ ಈಗೀಗ ಏನನ್ನೂ ತಂದು ತೋರಿಸುವುದಿಲ್ಲ. ಅಕ್ಕನಿಗೆ ಅದು ಗೊತ್ತು, ಒಳಗೊಳಗೇ ನೋಯುತ್ತದೆ.

ಆ ಸಂಜೆ ಚಪ್ಪಲಿ ಬಿಟ್ಟವಳೇ ಕುರ್ಚಿಯಲ್ಲಿ ಕುಸಿದಳು. ಕಾಲು ಊದಿ ಕಂಬವಾಗಿತ್ತು. ಎದ್ದು ಒಲೆ ಹಚ್ಚಬೇಕಲ್ಲ ಅನ್ನುವುದಕ್ಕೇ ಅಳು ಬಂತು. ಅಡುಗೆಮನೆಯಿಂದ ಮಗಳ ದನಿ ಕೇಳಿಸಿತು.

"ಅಮ್ಮಾ, ಏಳ್ಬೇಡ. ಇವತ್ತಿನ ಅಡ್ಗೆ ನಂದು. ಹತ್ತೇ ನಿಮಿಷ."

ಮನೆಯಲ್ಲಿದ್ದದ್ದು ನಾಲ್ಕೇ ತುಂಡು ಬ್ರೆಡ್ಡು. ಹುಡುಗಿ ಸೌತೆಕಾಯಿ, ಟೊಮೆಟೊ, ಈರುಳ್ಳಿ ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಎರಡು ತುಂಡಿನ ನಡುವೆ ಜೋಡಿಸಿ, ಉಪ್ಪು, ಮೆಣಸಿನಪುಡಿ ಉದುರಿಸಿ, ಬೆಣ್ಣೆ ಸವರಿ, ತವಾದ ಮೇಲೆ ಸಟ್ಟುಗದಿಂದ ಒತ್ತಿ ಒತ್ತಿ ಕೆಂಪಗೆ ಮಾಡಿದಳು. ತಟ್ಟೆಯನ್ನು ಅಮ್ಮನ ಕೈಗಿಟ್ಟು ಎದುರಿಗೇ ನಿಂತಳು. ಎಷ್ಟೋ ತಿಂಗಳ ಮೇಲೆ ಏನನ್ನೋ ತೋರಿಸಲು ನಿಂತಿದ್ದಳು.

ಅಕ್ಕನ ತಲೆ ಆಗಲೇ ಅರೆನಿದ್ದೆಯಲ್ಲಿತ್ತು. ಕೈ ಮಾತ್ರ ಡ್ಯೂಟಿಯಲ್ಲೇ ಇತ್ತು. ಅದು ಸ್ಯಾಂಡ್‌ವಿಚ್ ಎತ್ತಿತು, ಮಗುಚಿತು, ನಾಲ್ಕೂ ಅಂಚು ಸವರಿತು. ಒಂದು ಕಡೆ ಸೌತೆಕಾಯಿ ಹೊರಗೆ ಇಣುಕುತ್ತಿತ್ತು. ತೋಳಿನ ಬಟ್ಟೆಗೆ ಅಂಟಿಸಿಕೊಂಡು ಮರೆತಿದ್ದ ಸ್ಟಿಕರೊಂದನ್ನು ಬೆರಳು ಕಿತ್ತು, ಸರಿಯಾಗಿ ಅದರ ನೇರಕ್ಕೆ ತಟ್ಟೆಯಂಚಿಗೆ ಅಂಟಿಸಿತು.

"ವಾಪಸ್," ಅಂದಳು.

ಅಂದ ಮೇಲೆ ಎಚ್ಚರವಾಯಿತು. "ಅಯ್ಯೋ ಪುಟ್ಟಿ, ಹಂಗಲ್ಲ ಕಣೇ," ಅನ್ನುವಷ್ಟರಲ್ಲಿ ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು. ಹಿಂದೆ ಹೋಗೋಣವೆಂದರೆ ಕಾಲು ಏಳಲಿಲ್ಲ. ಆಡಿದ ಮಾತು, ಒಡೆದ ಮುತ್ತು. ಅಕ್ಕ ತನ್ನ ಕೈಯನ್ನೇ ನೋಡುತ್ತ ಕೂತಳು.

ಮಗಳು ತಿರುಗಿ ಬಂದಾಗ ಎರಡು ತಟ್ಟೆಗಳಿದ್ದವು. ಉಳಿದೆರಡು ತುಂಡಿನಲ್ಲಿ ಮಾಡಿದ ಹೊಸದನ್ನು ಅಮ್ಮನಿಗೆ ಕೊಟ್ಟಳು. ಅದೇ ಕೆಂಪು ಬಾಣ ಈಗ ಈ ತಟ್ಟೆಯಲ್ಲಿತ್ತು.

"ಈ ಮೂಲೆ ಸ್ವಲ್ಪ ಸೀದಿದೆ. ನಾನೇ ನೋಡಿ ಬಾಣ ಅಂಟ್ಸಿದೀನಿ. ನಿಂಗೆ ಸುಸ್ತಾಗಿದೆಯಲ್ಲ, ಹುಡುಕೋ ಕೆಲ್ಸ ಬೇಡ ಅಂತ."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಿನ್ನ ತಟ್ಟೇಲಿರೋದು?"

"ರಿಜೆಕ್ಟ್ ಆಗಿದ್ದು. ನಂಗಾಗತ್ತೆ ಬಿಡು."

ಅಕ್ಕ ಬಾಣವನ್ನು ಕಿತ್ತು ತನ್ನ ಕೈಯ ಮೇಲೇ ಅಂಟಿಸಿಕೊಂಡಳು. ಸೀದ ಮೂಲೆಯನ್ನೇ ಮೊದಲು ಕಚ್ಚಿದಳು. ಸರಿಯಿದ್ದದ್ದಕ್ಕೆ ಏನಾದರೂ ಹೇಳುವ ರೂಢಿಯೇ ಅವಳಿಗೆ ತಪ್ಪಿಹೋಗಿತ್ತು.

"ಚೆನ್ನಾಗಿದೆ ಪುಟ್ಟಿ," ಅಂದಳು ಕೊನೆಗೆ.

ಮಗಳು ಅಗಿಯುವುದನ್ನು ನಿಲ್ಲಿಸಿದಳು.

"ಇನ್ನೊಂದ್ಸಲ ಹೇಳು," ಅಂದಳು.