ಅಪ್ಪನ ಕಾಲಡಿಯ ಬ್ರೇಕು

ಎಲ್ಲ ಕಾರುಗಳಿಗೂ ಎರಡು ಬ್ರೇಕ್ ಇರುತ್ತವೆಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ. ಗೆಳೆಯನ ಮನೆಯ ಕಾರಿನಲ್ಲಿ ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತಾಗ ಕಾಲಲ್ಲೇ ತಡಕಾಡಿ, "ಅಂಕಲ್, ನನ್ನ ಬ್ರೇಕ್ ಯಾರೋ ಕದ್ದುಬಿಟ್ಟಿದ್ದಾರೆ" ಎಂದು ದೂರು ಕೊಟ್ಟಿದ್ದೆ. ಅವರು ನಕ್ಕ ನಗುವಿಗೆ ಕಾರು ಚರಂಡಿಗೆ ಇಳಿಯುವುದೊಂದು ಬಾಕಿ.

ನಮ್ಮಪ್ಪ ಡ್ರೈವಿಂಗ್ ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕ ಕೂರುವ ಅವರ ಕಾಲಡಿಯಲ್ಲೂ ಒಂದು ಬ್ರೇಕ್ ಇದೆ. ಒತ್ತುವುದು ಮಾತ್ರ ಅಪರೂಪ. ಕಲಿಯಲು ಬಂದ ಡಾಕ್ಟರಮ್ಮ ಗೇಟಿಗೆ ಗುದ್ದಿದಾಗಲೂ, "ಗೇಟು ಗಟ್ಟಿಯಿದೆ, ಗೊತ್ತಾಯ್ತಲ್ಲ. ಈಗ ರಿವರ್ಸ್ ಹಾಕಿ" ಎಂದಷ್ಟೇ ಹೇಳಿದ ತಣ್ಣನೆಯ ಮನುಷ್ಯ.

ಅಂಥವರ ಮಗನಾದ ನಾನು ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲ್. ಪಾರ್ಸಲ್ ಆಫೀಸಿನಲ್ಲಿ ಡಬ್ಬಗಳಿಗೆ ಟೇಪು ಸುತ್ತುವ ನನಗೆ ಲೈಸೆನ್ಸ್ ಬಂದರೆ ಓಡಿಸಲು ವ್ಯಾನು ಕೊಡುತ್ತೇವೆಂದಿದ್ದರು. ಇನ್ನೊಂದು ಸಲ ಫೇಲಾದರೆ ಅದು ಬೇರೆಯವನ ಪಾಲು. "ಮೇಷ್ಟ್ರ ಮಗನೇ ಡುಮ್ಕಿಯಂತೆ" ಎಂಬ ಸುದ್ದಿ ಮೊದಲ ಸಲವೇ ಕಟಿಂಗ್ ಶಾಪಿನವರೆಗೂ ಹೋಗಿತ್ತು. ಅಪ್ಪ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದರು; ಅವರ ತಲೆ ಪೊದೆಯಾಗಿತ್ತು.

ಎರಡನೇ ಸಲ ಆದದ್ದಿಷ್ಟು. ನಿಲ್ಲಿಸಬೇಕಾದ ಗೆರೆ ಹತ್ತಿರ ಬಂತು. ಕಾರು ತಾನಾಗಿಯೇ ನಿಲ್ಲುತ್ತದೆಂದು ನಾನು ಕಾಯುತ್ತ ಕೂತೆ. ಇನ್‌ಸ್ಪೆಕ್ಟರು ಹ್ಯಾಂಡ್‌ಬ್ರೇಕ್ ಎಳೆದು, "ಯಾರಿಗಪ್ಪಾ ಕಾಯ್ತಾ ಇದ್ದೆ?" ಎಂದರು.

ದೂರದಲ್ಲಿ ನಿಂತು ನೋಡಿದ್ದ ಅಪ್ಪ ಬೈಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ, "ನನ್ನ ಹತ್ರ ಕಲಿಯೋವಾಗ ನೀನು ಒಂದು ಸಲಾನೂ ಬ್ರೇಕ್ ಹಾಕಿಲ್ಲ ಕಣೋ. ನಿನ್ನ ಕಾಲು ಏಳೋಕೆ ಮುಂಚೆ ನನ್ನ ಕಾಲೇ ಒತ್ತಿಬಿಟ್ಟಿರುತ್ತೆ" ಎಂದರು.

"ಬೇರೆಯವರ ಜೊತೆ ಹಾಗೆ ಮಾಡಲ್ವಲ್ಲಪ್ಪ?"

ಅಪ್ಪ ಸರ್ರನೆ ಕಾರು ತಿರುಗಿಸಿ ಗುಂಗುರು ತಲೆಯವನ ಡ್ರೈವಿಂಗ್ ಸ್ಕೂಲಿನ ಮುಂದೆ ನಿಲ್ಲಿಸಿದರು. ಆತ ಅಪ್ಪನ ಹತ್ತಿರವೇ ಕಲಿತು, ಅಪ್ಪನಿಗೇ ಎದುರಾಗಿ ಬೋರ್ಡು ಹಾಕಿಕೊಂಡವನು. ಆ ಬೋರ್ಡು ಕಣ್ಣಿಗೆ ಬೀಳಬಾರದೆಂದು ಅಪ್ಪ ಇಷ್ಟು ವರ್ಷ ಸುತ್ತಿ ಬಳಸಿ ಓಡಾಡುತ್ತಿದ್ದರು.

"ಏನ್ ಮೇಷ್ಟ್ರೇ, ದಾರಿ ತಪ್ಪಿದ್ರಾ?"

"ಇವನಿಗೆ ನೀನು ಕಲಿಸಬೇಕು."

ಆತನ ನಗು ಅಲ್ಲಿಗೇ ನಿಂತಿತು. ಪಾಠಕ್ಕೆ ಕಾದು ಕೂತಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ನಾನು ಗೋಡೆಯ ಮೇಲಿನ ಸಿಗ್ನಲ್ ಚಿತ್ರಗಳನ್ನು ಜೀವಮಾನದಲ್ಲೇ ನೋಡಿಲ್ಲದವನಂತೆ ನೋಡತೊಡಗಿದೆ.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಊರಿಗೆಲ್ಲ ಕಲಿಸಿದೋರು ನೀವು. ನನಗೂ ನೀವೇ ಕಲಿಸಿದ್ದು. ಸ್ವಂತ ಮಗನಿಗೆ ಕಲಿಸೋಕೆ ಏನಾಯ್ತು?"

ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಬೇರೆಯವರ ಮಕ್ಕಳ ಪಕ್ಕ ಕೂತರೆ ನಾನು ಮೇಷ್ಟ್ರು. ಇವನ ಪಕ್ಕ ಕೂತರೆ ಬರೀ ಪುಕ್ಕಲ. ಕಲಿಸ್ತೀಯೋ ಇಲ್ವೋ, ಅಷ್ಟು ಹೇಳು."