ಮಾತು ಬರೋಗಂಟ

ಧನಗೆರೆಯ ನಮ್ಮ ಪಕ್ಕದ ಮನೆಯ ಅಕ್ಕ ದೂರದ ನಗರದಲ್ಲಿ ಸುರಂಗದ ಮೆಟ್ರೋ ರೈಲು ಓಡಿಸುತ್ತಿದ್ದಳು. ಅಲ್ಲಿ ಕಂಟ್ರೋಲ್ ರೂಮಿನವರು ರೇಡಿಯೋದಲ್ಲಿ ಹೇಳಿದ್ದನ್ನು ತಿರುಗಿ ಒಪ್ಪಿಸಿ, "ಸರಿ" ಅನ್ನಿಸಿಕೊಂಡೇ ರೈಲು ಬಿಡಬೇಕಿತ್ತು. ರಜೆಗೆ ಬಂದಾಗಲೂ ಯಾರು ಏನು ಹೇಳಿದರೂ ಅದನ್ನೇ ತಿರುಗಿ ಒಪ್ಪಿಸುವ ಆ ಅಭ್ಯಾಸ ಬಿಡುತ್ತಿರಲಿಲ್ಲ. ಅವಳ ಅವ್ವ "ಒಲೆ ಆರ್ಸು" ಅಂದರೆ "ಒಲೆ ಆರಿಸ್ತೀನಿ, ಸರಿನಾ?" ಎಂದು ಕೇಳುವಳು. "ಸರಿ" ಅನ್ನಿಸಿಕೊಂಡೇ ಕೈ ಮುಂದೆ ಹೋಗುವುದು. ಅವಳಪ್ಪ ನನ್ನ ಕಡೆ ತಿರುಗಿ, "ಗಿಣಿ ಸಾಕಿವ್ನಿ ಕಣ್ಲಾ" ಎಂದು ನಗುತ್ತಿದ್ದರು.

ಒಮ್ಮೆ ಸುರಂಗದೊಳಗೆ ರೇಡಿಯೋ ಕೆಟ್ಟು ಕಂಟ್ರೋಲ್ ರೂಮಿನ ದನಿಯೇ ನಿಂತುಹೋಯಿತಂತೆ. ಅವಳು ರೈಲು ನಿಲ್ಲಿಸಿಬಿಟ್ಟಳು. ಜನ ಬಾಗಿಲು ಬಡಿದು ಬೈದರೂ ಜಗ್ಗಲಿಲ್ಲ. "ಮುಂದೆ ಹಳಿ ಮ್ಯಾಲೆ ಯಾರವ್ರೋ ನಂಗೇನ್ ಗೊತ್ತು? ಮಾತು ಬರೋಗಂಟ ಚಕ್ರ ತಿರುಗ್ಬಾರ್ದು" ಅನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ಅವಳಪ್ಪ ಬಾವಿಗಿಳಿದು ಮೋಟಾರು ರಿಪೇರಿ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ಫೋನು ಮಾಡುತ್ತೇನೆ, ಆಗ ಸ್ವಿಚ್ ಹಾಕು ಎಂದು ಅವಳಿಗೆ ಹೇಳಿದ್ದರು. ತೋಟದ ಈ ತುದಿಯಲ್ಲಿ ಸ್ಟಾರ್ಟರ್ ಪಕ್ಕ ನಾವಿಬ್ಬರೂ ಕಾದೆವು. ಫೋನು ಬರಲೇ ಇಲ್ಲ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಹೋಗುವ ಹೊತ್ತಾಗಿತ್ತು.

"ಬಾವಿವೊಳ್ಗೆ ನೆಟ್‌ವರ್ಕ್ ಸಿಕ್ಕಲ್ಲ. ಕೆಲ್ಸ ಮುಗ್ದಿರ್ತದೆ, ಒತ್ತಕ್ಕ" ಎಂದು ನಾನು ಗೋಗರೆದೆ.

ಅವಳು ಫ್ಯೂಸು ಕಿತ್ತು, ಅದನ್ನು ಕೈಯಲ್ಲೇ ಹಿಡಿದು ಬಾವಿಯತ್ತ ನಡೆದಳು. ನಾನೂ ಹಿಂದೆ ಓಡಿ ಇಣುಕಿದೆ. ಅವಳಪ್ಪನ ಎರಡೂ ಕೈ ಇನ್ನೂ ಮೋಟಾರಿನ ಬೆಲ್ಟಿನ ಸಂದಿಯಲ್ಲೇ ಇದ್ದವು.

ಆ ಸಂಜೆ ಅವಳ ಅವ್ವ ಒಳಗಿನಿಂದ "ಉಣ್ಣಕ್ಕೆ ಬನ್ನಿ" ಎಂದು ಕೂಗಿದಳು. ಅವಳಪ್ಪ ಜಗುಲಿಯಿಂದ ಎದ್ದು, "ಉಣ್ಣಕ್ಕೆ ಬತ್ತೀವಿ, ಸರಿನಾ?" ಎಂದು ಕೇಳಿ, ಒಳಗಿನಿಂದ "ಸರಿ" ಅನ್ನುವವರೆಗೂ ಹೊಸ್ತಿಲ ಹೊರಗೇ ನಿಂತಿದ್ದರು.