ಮೋರಿಯ ಹಸಿರಿಗೆ ಸಂಬಳ

ಓದುವವರಿಗೆ ಯಾರಾದರೂ ಸಂಬಳ ಕೊಡುತ್ತಾರೆ ಎಂದರೆ ಅಕ್ಕನ ಮನೆಯಲ್ಲಿ ನಂಬುವವರು ಯಾರೂ ಇರಲಿಲ್ಲ. ಸ್ವತಃ ಅಕ್ಕನೇ ನಂಬಿರಲಿಲ್ಲ. ಮುಂದೆ ಆದ ಎಡವಟ್ಟಿಗೆಲ್ಲ ಮೂಲ ಅದೇ.

ಅಕ್ಕ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು. ಮದುವೆಯಾದ ಹೊಸದರಲ್ಲಿ ಹಿಡಿದ ಕೆಲಸ. ಮಗಳು ಹೈಸ್ಕೂಲಿಗೆ ಬಂದರೂ ಬಿಟ್ಟಿರಲಿಲ್ಲ. ಗಂಡ ಲಾರಿ ಓಡಿಸುತ್ತಾನೆ, ಮನೆಗಿಂತ ಹೆದ್ದಾರಿಯಲ್ಲೇ ಹೆಚ್ಚು. ಮಗಳಿಗೆ ಪಾಠ ಒಪ್ಪಿಸಿಕೊಳ್ಳಲು ಕೂತು ಕೂತು ಅಕ್ಕನಿಗೇ ಓದಿನ ಹುಚ್ಚು ಹತ್ತಿತು. ಅರ್ಧಕ್ಕೆ ಬಿಟ್ಟಿದ್ದ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ ಪಾಸು ಮಾಡಿಕೊಂಡು, ತಲೆಯಲ್ಲಿ ನಾಲ್ಕು ಬಿಳಿ ಕೂದಲು ಕಾಣುವ ಹೊತ್ತಿಗೆ ಬಿಎಸ್‌ಸಿ ಮೊದಲ ವರ್ಷಕ್ಕೆ ಸೇರಿದಳು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಹೋಟೆಲು. ತರಗತಿಯ ಹುಡುಗ ಹುಡುಗಿಯರು ಇಟ್ಟ ಹೆಸರೇ ಅಕ್ಕ.

ರಜೆಗೆ ಮುಂಚೆ ಕಾಲೇಜಿನ ಟೀಚರ್ ಒಬ್ಬರು ಅವಳ ಕೈಗೆ ಒಂದು ಅರ್ಜಿ ತುರುಕಿದರು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು, ದುಡಿಯುತ್ತ ಓದುವವರು, ಇಂಥವರೆಲ್ಲ ಲ್ಯಾಬಿನ ಒಳಗು ಹೇಗಿರುತ್ತದೆ ಎಂದು ತಿಳಿಯದೆಯೇ ಡಿಗ್ರಿ ಮುಗಿಸಿಬಿಡುತ್ತಾರೆ. ಅವರನ್ನು ಮೊದಲ ವರ್ಷದಲ್ಲೇ ವಿಶ್ವವಿದ್ಯಾಲಯಕ್ಕೆ ಕರೆಸಿ, ರಜೆಯ ಎರಡು ತಿಂಗಳು ಸಂಬಳ ಕೊಟ್ಟು ಸಂಶೋಧನೆ ಮಾಡಿಸುವ ಯೋಜನೆ ಅದು. ಅರ್ಜಿಯಲ್ಲೊಂದು ಪ್ರಶ್ನೆ ಇತ್ತು: ‘ಯಾಕೆ ಹೀಗೆ ಎಂದು ನಿಮ್ಮನ್ನು ಕಾಡಿದ ಸಂಗತಿ ಯಾವುದು?’ ಅಕ್ಕ ಹೋಟೆಲಿನ ಹಿಂದಿನ ಮೋರಿಯ ಬಗ್ಗೆ ಬರೆದಳು. ಪಾತ್ರೆ ತೊಳೆದ ನೀರು ಬೀಳುವ ಕಡೆ ಒಂದು ಎಲೆಯೂ ಇಲ್ಲ; ಅದೇ ನೀರು ಹರಿದು ಗೋಡೆಯ ತಿರುವು ದಾಟಿದರೆ ನೀರ ಮೇಲೆಲ್ಲ ಹಸಿರು. ಸೋಪಿನಿಂದಲೇ ಇರಬೇಕು, ಆದರೆ ಗೊತ್ತಿಲ್ಲ, ಎಂದು ಬರೆದು ಕೊಟ್ಟು ಮರೆತಳು.

ಬನ್ನಿ ಎಂದು ಕರೆ ಬಂದಾಗ ಅತ್ತೆ ಮೂಗು ಮುರಿದರು. “ಓದ್ಕೋ ಅಂತ ಯಾರೇ ದುಡ್ಡು ಕೊಡ್ತಾರೆ? ಕೆಲಸ ಮಾಡಿಸ್ಕೊಳ್ಳೋಕೆ ಕರೀತಿದಾರೆ, ಅಷ್ಟೇ. ಹೋಗಿ ನೋಡು, ಪೊರಕೆ ಕೊಡ್ತಾರೆ.”

“ಕೊಟ್ರೆ ಕೊಡ್ಲಿ ಅತ್ತೆ, ನಂಗೇನು ಹೊಸದಾ?”

ಹೋಟೆಲಿನ ಯಜಮಾನ ಮಾತ್ರ ಕಡ್ಡಿ ಮುರಿದಂತೆ ಹೇಳಿದ: “ಹೋಗೋದಾದ್ರೆ ಹೋಗಮ್ಮ. ಆದ್ರೆ ನಿನ್ನ ಜಾಗಕ್ಕೆ ಬೇರೆಯವರು ಬರ್ತಾರೆ, ಆಮೇಲೆ ಬಂದು ನಿಂತ್ಕೋಬೇಡ.” ಅಕ್ಕ ಹೋದಳು. ಇದ್ದ ಕೆಲಸ ಬಿಟ್ಟು ಹೋದಳು ಎನ್ನುವುದು ನೆನಪಿರಲಿ.

ಲ್ಯಾಬು ಮೂರನೇ ಮಹಡಿಯಲ್ಲಿತ್ತು. ಉದ್ದನೆಯ ಮೇಜುಗಳು, ಕಿಟಕಿಯ ಕೆಳಗೆ ಸಾಲು ಸಾಲು ಗಾಜಿನ ಪಾತ್ರೆಗಳು, ಮೂಲೆಯಲ್ಲಿ ತೊಳೆಯದ ಪಾತ್ರೆಗಳಿಂದ ಕಂಠಮಟ್ಟ ತುಂಬಿದ ಸಿಂಕು. ಲ್ಯಾಬಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಪರವೂರಿಗೆ ಹೋಗಿದ್ದರು. ಇದ್ದವನು ಕನ್ನಡಕದ ಒಬ್ಬ ಹುಡುಗ, ಪಿಎಚ್‌ಡಿ ಮಾಡುತ್ತಿದ್ದವನು. ಕ್ಲೀನಿಂಗಿಗೆ ಹೊಸಬರು ಬರುತ್ತಾರೆಂದು ಅವನು ವಾರದಿಂದ ಬಾಗಿಲು ಕಾಯುತ್ತಿದ್ದ. ಬಾಗಿಲಲ್ಲಿ ಹಳೇ ಸೀರೆಯ, ಒರಟು ಕೈಯ ಹೆಂಗಸು ನಿಂತಿದ್ದನ್ನು ಕಂಡು, “ಸದ್ಯ, ಬಂದ್ರಲ್ಲ!” ಎಂದು ಸಿಂಕಿನ ಕಡೆ ಕೈ ತೋರಿಸಿದ.

ಅಕ್ಕ ಸೆರಗು ಸಿಕ್ಕಿಸಿಕೊಂಡು ಶುರುಹಚ್ಚಿಕೊಂಡಳು. ಅತ್ತೆ ಹೇಳಿದ್ದೇ ನಿಜವಾಯಿತಲ್ಲ ಎಂದು ನಗುವೂ ಬಂತು.

ತಪ್ಪು ಯಾರದು? ಸಂಬಳ ಎಂದರೆ ಬೆನ್ನು ಬಗ್ಗಿಸುವುದು ಎಂದು ಬದುಕೆಲ್ಲ ಕಲಿತು ಬಂದವಳದೋ, ಸೀರೆ ನೋಡಿ ಕೆಲಸ ತೋರಿಸಿದವನದೋ? ಅವಳದು ತಪ್ಪೆನ್ನಲು ಬಾಯಿ ಬರುವುದಿಲ್ಲ. ಅವನಿಗೆ ಒಂದೇ ಒಂದು ಮಾತು, ‘ಯಾರು ನೀವು?’ ಎಂದು ಕೇಳಲು ಏನು ಧಾಡಿಯಾಗಿತ್ತು?

ನಾಲ್ಕು ದಿನ ಹೀಗೇ ನಡೆಯಿತು. ಗಾಜುಗಳು ಫಳಫಳ ಹೊಳೆದವು. ಮೂರನೆಯ ದಿನ ಕಿಟಕಿಯ ಕೆಳಗಿನ, ಹಸಿರು ಹಬ್ಬಿದ ಒಂದು ಪಾತ್ರೆಗೆ ಅಕ್ಕ ಕೈ ಹಾಕಿದ್ದೇ ತಡ, ಕನ್ನಡಕದ ಹುಡುಗ ಕಿಟಾರನೆ ಕಿರುಚಿಕೊಂಡ.

“ಅಯ್ಯೋ ಬಿಡಿ, ಬಿಡಿ! ಅದು ಗಲೀಜಲ್ಲ, ನನ್ನ ಪಿಎಚ್‌ಡಿ!”

ಅಕ್ಕ ಬಗ್ಗಿ ನೋಡಿದಳು. ಎಳ್ಳಿಗಿಂತ ತುಸು ದೊಡ್ಡ ಎಲೆಗಳು, ನೀರಿನ ಮೇಲೆ ತೇಲುತ್ತಿದ್ದವು. “ಇದು ನಮ್ಮ ಹೋಟೆಲ್ ಮೋರಿಯಲ್ಲೂ ಇದೆ” ಎಂದಳು. ಹುಡುಗ ಪಾತ್ರೆಯನ್ನು ಎದೆಗವಚಿಕೊಂಡು ಹೋದನೇ ಹೊರತು ಆ ಮಾತು ಅವನ ಕಿವಿಗೆ ಬೀಳಲಿಲ್ಲ.

ಐದನೆಯ ದಿನ ದೊಡ್ಡ ಮೇಡಂ ಬಂದರು. ಬಂದವರ ಮುಖ ಗಂಟಿಕ್ಕಿತ್ತು. “ಆ ಮೊದಲ ವರ್ಷದ ವಿದ್ಯಾರ್ಥಿನಿ ಬರಲೇ ಇಲ್ವಂತಲ್ಲ?” ಎಂದು ಹುಡುಗನನ್ನು ಕೇಳಿದರು. “ಮೋರಿ ಬಗ್ಗೆ ಬರೆದಿದ್ರಲ್ಲ, ಅವರು. ಅವರೇ ಬೇಕು ಅಂತ ಕಮಿಟಿಯಲ್ಲಿ ಎಲ್ಲರ ಜೊತೆ ಜಗಳ ಆಡಿದ್ದೆ. ಮೊದಲ ವಾರ ಬರದಿದ್ರೆ ಜಾಗ ಬೇರೆಯವರಿಗೆ ಹೋಗುತ್ತೆ, ಅದು ರೂಲ್ಸು. ಇವತ್ತು ಸಂಜೆ ಇನ್ನೊಬ್ಬರಿಗೆ ಫೋನ್ ಮಾಡ್ಬೇಕು.”

ಸಿಂಕಿನ ಮುಂದಿದ್ದ ಅಕ್ಕನಿಗೆ ಅದೆಲ್ಲ ಕೇಳಿಸಿತು. ಹೋಟೆಲೂ ಹೋಯಿತು, ಇದೂ ಹೋದರೆ? ನಲ್ಲಿ ನಿಲ್ಲಿಸಿದಳು. ಕೈಯಲ್ಲಿದ್ದ ಗಾಜನ್ನು ಜೋಪಾನವಾಗಿ ಕೆಳಗಿಟ್ಟಳು.

“ಮೇಡಂ, ಅದು ನಾನೇ.”

“ಯಾರು ನೀವು?”

“ಮೋರಿ ಬಗ್ಗೆ ಬರೆದವಳು. ಮೊದಲನೇ ದಿನಾನೇ ಬಂದಿದೀನಿ.”

“ಮತ್ತೆ ಇಷ್ಟು ದಿನ ಏನ್ ಮಾಡ್ತಿದ್ರಿ?”

“ಕೊಟ್ಟ ಕೆಲಸ ಮಾಡ್ತಿದ್ದೆ” ಎಂದಳು ಅಕ್ಕ, ಸಿಂಕನ್ನು ತೋರಿಸಿ.

ಕನ್ನಡಕದ ಹುಡುಗನ ಮುಖ ನೋಡುವ ಹಾಗಿರಲಿಲ್ಲ. ದೊಡ್ಡ ಮೇಡಂ ಒಂದು ಕುರ್ಚಿ ತಾವೇ ಎಳೆದು ಅಕ್ಕನನ್ನು ಕೂರಿಸಿ, “ಈಗ ಹೇಳಿ, ಆ ಮೋರಿ ಹೇಗಿದೆ?” ಎಂದರು. ಅಕ್ಕ ಹೇಳುತ್ತಾ ಹೋದಳು. ಹದಿನೈದು ವರ್ಷ ಆ ಮೋರಿಯ ಪಕ್ಕ ಕೂತಿದ್ದರೂ ಅದು ಹೇಗಿದೆ ಎಂದು ಅವಳನ್ನು ಕೇಳಿದವರು ಇವರೊಬ್ಬರೇ.

ಮಾರನೆಯ ದಿನದಿಂದ ಅವಳಿಗೊಂದು ಮೇಜು ಸಿಕ್ಕಿತು. ಹುಡುಗ ಪಶ್ಚಾತ್ತಾಪಕ್ಕೋ ಏನೋ, ತನ್ನ ಪಿಎಚ್‌ಡಿಯ ಪಾತ್ರೆಯಿಂದಲೇ ಗಿಡಗಳನ್ನು ಎತ್ತಿ ಕೊಟ್ಟ. ಕೆಲವು ಪಾತ್ರೆಗಳಲ್ಲಿ ಬರೀ ನೀರು, ಉಳಿದವುಗಳಲ್ಲಿ ಹೋಟೆಲಿನಲ್ಲಿ ಬಳಸುವಷ್ಟೇ ತೆಳುವಾಗಿ ಕಲಸಿದ ಸೋಪಿನ ನೀರು. ಸೋಪಿನವು ಸಾಯುತ್ತವೆ ಎಂದು ಅಕ್ಕನಿಗೆ ಖಾತ್ರಿಯಿತ್ತು. ದಿನಾ ಬೆಳಿಗ್ಗೆ ಬಂದು ಎಲೆ ಎಣಿಸುವಳು. ಸೋಪಿನ ನೀರಿನ ಗಿಡಗಳು ಸಾಯಲಿಲ್ಲ. ಹಾಯಾಗಿ ಮರಿ ಹಾಕುತ್ತಾ ಹೋದವು.

ಅಕ್ಕನಿಗೆ ಅಳು ಬಂದುಬಿಟ್ಟಿತು. ದೊಡ್ಡ ಮೇಡಂ ಕೋಣೆಗೆ ಹೋಗಿ ನಿಂತಳು. “ನಾನು ಅಂದ್ಕೊಂಡಿದ್ದು ತಪ್ಪಾಯ್ತು ಮೇಡಂ. ಈ ತಿಂಗಳ ಸಂಬಳ ವಾಪಸ್ ಕೊಡ್ಬೇಕಾ?”

ದೊಡ್ಡ ಮೇಡಂ ಬಿಟ್ಟ ಕಣ್ಣು ಬಿಟ್ಟಂತೆ ಅವಳನ್ನು ನೋಡಿದರು. “ತಪ್ಪು ಅಂತ ಗೊತ್ತು ಮಾಡ್ಕೊಂಡ್ರಲ್ಲ, ಅದಕ್ಕೇ ಸಂಬಳ. ಸೋಪು ಅಲ್ಲ ಅಂದ್ಮೇಲೆ ಆ ನೀರಲ್ಲಿ ಇನ್ನೇನಿದೆ?”

ಅಕ್ಕ ಮನೆಗೆ ಹೋಗುವ ದಾರಿಯಲ್ಲಿ ಹೋಟೆಲಿನ ಹಿಂದಕ್ಕೆ ಹೋಗಿ, ಮೋರಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ನೀರು ಬೀಳುವ ಕಡೆ ಮೇಲೆ ಬಣ್ಣ ಬಣ್ಣದ ತೆಳು ಪೊರೆ. ಗೋಡೆಯ ತಿರುವಿನಲ್ಲಿ ಬೆರಳಾಡಿಸಿದಳು: ಅಂಟು ಜಿಡ್ಡು. ತಿರುವು ದಾಟಿದ ಮೇಲೆ ಪೊರೆಯೇ ಇಲ್ಲ. “ಎಣ್ಣೆ!” ಎಂದು ಗಟ್ಟಿಯಾಗಿ ಹೇಳಿದಳು. ಹಿತ್ತಲ ಬಾಗಿಲಲ್ಲಿದ್ದ ಯಜಮಾನ, ಇವಳಿಗೆ ಓದು ತಲೆಗೇರಿತು ಎಂದುಕೊಂಡು ಒಳಗೆ ಹೋದ.

ಮತ್ತೆ ಪಾತ್ರೆಗಳ ಸಾಲು ಹೂಡಿದಳು. ಈ ಸಲ ಎಣ್ಣೆ. ಪೊರೆ ಕಟ್ಟಿದಲ್ಲೆಲ್ಲ ಎಲೆಗಳು ಸುಣ್ಣದಂತೆ ಬಿಳಿಚಿ ಸತ್ತವು. ನಂಬಿಕೆ ಬಾರದೆ ಇನ್ನೊಮ್ಮೆ ಮಾಡಿದಳು, ಮತ್ತೂ ಒಮ್ಮೆ ಮಾಡಿದಳು. ಪ್ರತಿ ಸಲವೂ ಅದೇ ಬಂತು.

ಕೊನೆಯ ದಿನ ಸಭಾಂಗಣದಲ್ಲಿ ಎಲ್ಲರೂ ತಮ್ಮ ಕೆಲಸ ಹೇಳಬೇಕಿತ್ತು. ಹಿಂದಿನ ಸಾಲಿನಲ್ಲಿ ಅತ್ತೆ, ಪಕ್ಕದಲ್ಲಿ ಮಗಳು. ಅಕ್ಕ ವೇದಿಕೆ ಹತ್ತಿ ಮೋರಿಯಿಂದಲೇ ಶುರು ಮಾಡಿದಳು. ಕಂಡದ್ದನ್ನು ಕಂಡಂತೆ ಹೇಳಿದಳು. ಮುಂದಿನ ಸಾಲಿನ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು, “ನಿಮ್ಮ ಮೊದಲ ಊಹೆ ತಪ್ಪಾಯಿತು ಅನ್ನಿ” ಎಂದರು.

“ಪೂರ್ತಿ ತಪ್ಪು ಸಾರ್” ಎಂದಳು ಅಕ್ಕ. “ಅದಕ್ಕೇ ಸಂಬಳ ಕೊಟ್ರು.”

ಸಭೆಯೆಲ್ಲ ಗೊಳ್ಳೆಂದು ನಕ್ಕಿತು, ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಮಗಳು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. ಚಪ್ಪಾಳೆ ಮುಗಿಯುವುದರೊಳಗೆ ದೊಡ್ಡ ಮೇಡಂ ಎದ್ದು, ಇವರು ವರ್ಷಪೂರ್ತಿ ಮಧ್ಯಾಹ್ನದ ಹೊತ್ತು ನಮ್ಮ ಲ್ಯಾಬಿನಲ್ಲೇ ಇರುತ್ತಾರೆ, ಸಂಬಳದ ಮೇಲೆ, ಎಂದು ಸಾರಿದರು. ಅಕ್ಕನಿಗೆ ಖುಷಿಯಿಂದ ಮೈಯೆಲ್ಲ ಹಗುರವಾಯಿತು.

ಆಮೇಲೆ ಎಲ್ಲರಿಗೂ ಟೀ. ಬಂದವರೆಲ್ಲ ಅಕ್ಕನನ್ನು ಮಾತಾಡಿಸಿ ಹೋದರು. ಮೇಜುಗಳ ಮೇಲೆ ಖಾಲಿ ಕಪ್ಪುಗಳು ಉಳಿದವು. ಮಾತಾಡುತ್ತಲೇ ಅಕ್ಕನ ಕೈ ಅಭ್ಯಾಸಬಲದಿಂದ ಒಂದು ಕಪ್ಪಿನೊಳಗೆ ಇನ್ನೊಂದನ್ನು ಪೇರಿಸತೊಡಗಿತು.

ಅತ್ತೆ ಬಂದು ಅವಳ ಮಣಿಕಟ್ಟು ಹಿಡಿದರು. ಕಣ್ಣು ತುಂಬಿತ್ತು, ಗಂಟಲು ಮಾತ್ರ ಹಳೆಯದೇ.

“ಕೆಳಗಿಡೇ ಅದನ್ನ. ಇವತ್ತು ಬೇರೆಯವರು ತೊಳೀತಾರೆ.”

ಪಕ್ಕದಲ್ಲೇ ಇದ್ದ ಕನ್ನಡಕದ ಹುಡುಗ ಕಪ್ಪುಗಳನ್ನು ಎತ್ತಿಕೊಂಡು ಮೂಲೆಯ ಸಿಂಕಿನ ಕಡೆ ಹೋದ. ಅಕ್ಕ ಅವನನ್ನೇ ನೋಡುತ್ತಾ ನಿಂತಳು. ಅವನು ಸರಿಯಾಗಿ ತೊಳೆಯುತ್ತಿರಲಿಲ್ಲ. ಆದರೂ ಅವಳು ನಿಂತ ಜಾಗ ಬಿಟ್ಟು ಕದಲಲಿಲ್ಲ.